ಒಂದು ಸುತ್ತು ಹಿಂದಕ್ಕೆ

ಶಾಂತರಾಜಯ್ಯನವರು ಚನ್ನರಾಯಪಟ್ಟಣದ ಕಡೆಯ ಜೈನರು. ಇಂಟರ್‌ಮೀಡಿಯೆಟ್ಟಿನಲ್ಲಿ ಗಣಿತಕ್ಕೆ ಬಂದ ಅಂಕವನ್ನು ಯಾವ ಮಾತಿನ ನಡುವೆಯಾದರೂ ತರಬಲ್ಲವರು. ಐವತ್ತೆಂಟನೇ ಇಸವಿಯಲ್ಲಿ ಹೊಳೆನರಸೀಪುರದ ಬಾಡಿಗೆ ಮನೆಯೊಂದರಲ್ಲಿ ಕಾಲುವೆ ಸರ್ವೆಯ ಕಚೇರಿ ತೆರೆದಾಗ ಅವರು ಲೆಕ್ಕದ ಗುಮಾಸ್ತರು, ನಾನು ಟಪಾಲಿನ ಗುಮಾಸ್ತ. ನನ್ನ ಅಂಕದ ಸುದ್ದಿ ನಾನು ಎತ್ತುತ್ತಿರಲಿಲ್ಲ.

ಕಚೇರಿಗೊಂದು ಲೆಕ್ಕದ ಯಂತ್ರ ಬಂತು. ಬದಿಯಲ್ಲೊಂದು ಹಿಡಿ, ತಿರುಗಿಸಿದರೆ ಗರಗರ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಿಟ್ಟರೆ ಅದಕ್ಕೆ ಬೇರೇನೂ ಬಾರದು. ಕಾಲುವೆಗೋ ವರ್ಗಮೂಲ ಬೇಕು, ಸೈನು ಬೇಕು, ಟ್ಯಾನು ಬೇಕು.

"ಬಾರದ ವಿದ್ಯೆ ನಾವೇ ಕಲಿಸೋಣ" ಎಂದರು ಶಾಂತರಾಜಯ್ಯ. ಒಂದೊಂದು ವಿದ್ಯೆಗೆ ಒಂದೊಂದು ರಟ್ಟು ಬರೆದು ಗೋಡೆಯ ಮೊಳೆಗೆ ತೂಗುಹಾಕಿದರು. ರಟ್ಟು ಹೇಳಿದಂತೆ ತಿರುಗಿಸಿದರೆ ಯಾರಿಗಾದರೂ ಉತ್ತರ ಬರಬೇಕು. ಪರೀಕ್ಷೆಗೆ ನನ್ನನ್ನು ಕೂರಿಸುತ್ತಿದ್ದರು. "ಇವರಿಗೇ ಬಂತು ಅಂದಮೇಲೆ ಲೋಕಕ್ಕೆ ತೊಂದರೆಯಿಲ್ಲ."

ವರ್ಗಮೂಲದ ರಟ್ಟು ಸುಲಭ. ಒಂದು, ಮೂರು, ಐದು ಎಂದು ಬೆಸ ಸಂಖ್ಯೆಗಳನ್ನು ಕಳೆಯುತ್ತ ಹೋಗಬೇಕು. ಎಷ್ಟು ಸುತ್ತೋ ಅಷ್ಟೇ ಮೂಲ. ಒಂದು ಸುತ್ತು ಹೆಚ್ಚಾದರೆ ಯಂತ್ರದ ಗಂಟೆ ಟಿಣ್ ಅನ್ನುತ್ತದೆ. ಆಗ ಒಂದು ಸುತ್ತು ಹಿಂದಕ್ಕೆ ತಿರುಗಿಸಬೇಕು.

ಅವರಿಗೆ ಜೊತೆಗಾರ ಬೈರಯ್ಯ. ಸರ್ವೆಯಲ್ಲಿ ಸರಪಣಿ ಎಳೆಯುತ್ತಿದ್ದವನು, ತೋಳಿನ ಬಲ ನೋಡಿ ಒಳಗೆ ಕರೆದಿದ್ದರು. ಸುತ್ತಿ ಸುತ್ತಿ ಮೂಲಗಳ ಪಟ್ಟಿ ಮಾಡುತ್ತಿದ್ದವರು ಇವರಿಬ್ಬರೇ. ಬೈರಯ್ಯನದೊಂದು ಕಾಯಿದೆ ಇತ್ತು: "ಗಂಟೆ ಹೊಡ್ಸಿದೋನೇ ಹಿಂದುಕ್ಕೆ ತಿರುಗುಸ್ಬೇಕು ಕಣ್ ಸಾ. ಇನ್ನೊಬ್ಬನ ಮ್ಯಾಲೆ ಬುಡಬಾರ್ದು."

ಶಾಂತರಾಜಯ್ಯನವರು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಬಿಸಿಲು ಹೊಳೆಯಾಚೆ ಜಾರುತ್ತಲೇ ಹಿಡಿ ಬಿಟ್ಟು ಮನೆಗೆ ಓಡುವರು. ಉಳಿದಿದ್ದು ಬೈರಯ್ಯನ ಪಾಲು.

ಆ ಮಳೆಗಾಲ ಬೈರಯ್ಯ ಜ್ವರ ಬಂದು ತೀರಿಕೊಂಡ. ಆಮೇಲೆ ಒಂದು ತೂಬು ಅಳತೆ ತಪ್ಪಿ, ಕಟ್ಟಿದ್ದನ್ನು ಒಡೆಯಬೇಕಾಯಿತು. ಪಟ್ಟಿಯಲ್ಲಿ ಒಂದು ಮೂಲ ಇರಬೇಕಾದ್ದಕ್ಕಿಂತ ಒಂದು ಹೆಚ್ಚಿತ್ತು, ಅದರ ಮುಂದೆ ಬೈರಯ್ಯನ ಕೈಬರಹ. "ಸರಪಣಿ ಎಳೆಯೋನ ಕೈಗೆ ಯಂತ್ರ ಕೊಟ್ಟರೆ ಇಷ್ಟೇ" ಎಂದರು ಎಂಜಿನಿಯರ್ ಗೌರೀಶಂಕರ. ಶಾಂತರಾಜಯ್ಯ ಪಟ್ಟಿ ಮಡಚಿ ಖಾನೆಯೊಳಗಿಟ್ಟರು.

ಅವರಿಗೆ ಗಂಟೆ ಕೇಳಲು ಶುರುವಾಗಿದ್ದು ಅವತ್ತೇ. ಸಂಜೆ ತುತ್ತು ಕೈಯಲ್ಲೇ ನಿಂತಿತು.

"ಏನಾಯ್ತ್ರೀ?" ಎಂದರಂತೆ ಹೆಂಡತಿ ಪದ್ಮಾವತಮ್ಮ.

"ಗಂಟೆ."

"ಬೀದೀಲಿ ಯಾರದೋ ಸೈಕಲ್ಲು. ಉಣ್ಣಿ, ಹೊತ್ತು ಮುಳುಗುತ್ತೆ."

ಮರುದಿನವೂ ಅದೇ ಹೊತ್ತಿಗೆ, ಒಂದೇ ಸಲ, ಟಿಣ್. ನನಗೆ ಹೇಳಿದಾಗ ನಾನು ಪಿತ್ತವೆಂದು ಶುಂಠಿ ಕಷಾಯ ಹೇಳಿದೆ. ವೈದ್ಯದಲ್ಲೂ ನನ್ನ ಅಂಕ ಅಷ್ಟೇ. ಯಂತ್ರವನ್ನು ಎಣ್ಣೆ ಹಾಕಿಸಲು ಹಾಸನಕ್ಕೆ ಕಳಿಸಿದೆವು. ತಿರುಗಿ ಬಂದಮೇಲೆ ಅದರ ಗಂಟೆಯೇ ಸತ್ತುಹೋಗಿತ್ತು, ಎಷ್ಟು ಸುತ್ತಿದರೂ ಸದ್ದಿಲ್ಲ. ಶಾಂತರಾಜಯ್ಯನವರ ತಟ್ಟೆಯ ಮುಂದೆ ಮಾತ್ರ ಅದು ಹೊಡೆಯುತ್ತಲೇ ಇತ್ತು. ಮನುಷ್ಯ ಅರ್ಧವಾದರು.

ಬೈರಯ್ಯನ ಹೆಂಡತಿ ಹೊನ್ನಕ್ಕ ಕಚೇರಿಗೆ ನೀರು ತುಂಬುವ ಕೆಲಸ ಕೇಳಿಕೊಂಡು ಬಂದಳು. ಗೌರೀಶಂಕರರು ತಲೆಯೆತ್ತಲಿಲ್ಲ. "ನಿನ್ನ ಗಂಡ ಒಡೆಸಿದ ತೂಬು ಸಾಲದೇನಮ್ಮ?"

ಕಿಟಕಿಯ ಬಿಸಿಲು ಕೆಂಪಾಗಿತ್ತು. ಶಾಂತರಾಜಯ್ಯ ಎದ್ದು ಅವರ ಮೇಜಿನ ಮುಂದೆ ನಿಂತರು. "ಸರ್, ಒಂದು ವಿಷಯ."

"ನಿಮ್ಮ ಊಟದ ಹೊತ್ತು ಮೀರುತ್ತೆ, ಹೋಗಿ. ನಾಳೆ ಹೇಳಿದರಾಯ್ತು."

"ಅವತ್ತೂ ಹೀಗೇ ಹೋದೆ ಸರ್."

ಯಂತ್ರವನ್ನು ಎದುರಿಗಿಟ್ಟು ಅದೇ ಸಂಖ್ಯೆಯನ್ನು ಸುತ್ತಿ ತೋರಿಸಿದರು. "ಅವತ್ತು ಇಲ್ಲಿ ಗಂಟೆ ಹೊಡೀತು. ಹೊಡೆಸಿದ್ದು ನಾನು. ಬೈರಯ್ಯ ಬೀಡಿ ಸೇದೋಕೆ ಹೊರಗೆ ಹೋಗಿದ್ದ, ಕೇಳಿಸಿಕೊಂಡಿಲ್ಲ. ಹಿಂದಕ್ಕೆ ತಿರುಗಿಸದೆ ನಾನು ಉಣ್ಣೋಕೆ ಓಡಿದೆ. ತಿರುಗಿಸಿಯೇ ಹೋಗಿದ್ದೀನಿ ಅಂತ ಅವನು ನಂಬಿ ಬರೆದ."

ಹೊನ್ನಕ್ಕ ಬಾಗಿಲಲ್ಲೇ ಇದ್ದಳು. ಅವರು ಹೇಳಿ ಮುಗಿಸುವಾಗ ಹೊರಗೆ ಕತ್ತಲಾಗಿತ್ತು. ಅವತ್ತು ಅವರು ಉಪವಾಸ.

ಹೊನ್ನಕ್ಕನಿಗೆ ಕೆಲಸ ಸಿಕ್ಕಿತು, ಶಾಂತರಾಜಯ್ಯನವರ ಬಡ್ತಿ ನಿಂತಿತು. ಗಂಟೆ ನಿಂತಿತೇ ಎಂದು ಕೇಳಿದೆ.

"ಮನೇಲಿ ನಿಂತಿತು. ಈಗ ಇಲ್ಲೇ ಕೇಳುತ್ತೆ, ಹೊರಡೋ ಹೊತ್ತಿಗೆ."

ದಿನಾ ಸಂಜೆ ಟೋಪಿ ಹಾಕಿಕೊಳ್ಳುವ ಮುಂಚೆ ಖಾಲಿ ಯಂತ್ರವನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸುತ್ತಿದ್ದರು. ಹಂಡೆಯ ಪಕ್ಕದಿಂದ ಹೊನ್ನಕ್ಕ ಕೇಳುವಳು, "ತಿರುಗ್ಸಿದ್ರಾ ಸಾ?"

"ತಿರುಗಿಸಿದೆ ಕಣಮ್ಮ."

"ಅಂಗಾರೆ ಓಗಿ ಉಣ್ಣಿ."

ಅರವತ್ತೈದನೇ ಇಸವಿಯಲ್ಲಿ ಅವರಿಗೆ ಅರಕಲಗೂಡಿಗೆ ವರ್ಗವಾಯಿತು. ಅವರು ಹೋದ ಮರುದಿನ ಸಂಜೆ ನಾನು ಕಿಟಕಿ ಮುಚ್ಚುತ್ತಿದ್ದೆ. ಯಂತ್ರದ ಕಡೆಯಿಂದ ಟಿಣ್ ಅಂದಿತು.

ಹೊನ್ನಕ್ಕ ನನ್ನನ್ನೇ ನೋಡುತ್ತಿದ್ದಳು.

"ಸೈಕಲ್ಲು" ಎಂದು ಬಾಗಿಲಿಗೆ ಹೋದೆ.

ಅವಳು ಅಲ್ಲಾಡಲಿಲ್ಲ. ನಾನು ಚಪ್ಪಲಿಯ ಒಳಗಿಟ್ಟ ಕಾಲನ್ನು ಹೊರಗೆ ತೆಗೆದು, ವಾಪಸು ಬಂದು ಹಿಡಿ ಹಿಡಿದೆ. ಯಾರೋ ಆಗಷ್ಟೇ ಬಿಟ್ಟುಹೋದ ಹಾಗೆ ಅದು ಬೆಚ್ಚಗಿತ್ತು.