ಎಣ್ಣೆ ಸವರಿದ ಕೈ, ಕೂಡಿಕೊಳ್ಳುವ ಪಟ್ಟಿ

ಅವ್ವನ ಬಲಗೈ ತೋರುಬೆರಳಿನ ನಡುಗೆಣ್ಣಿನ ಮೇಲೆ ಆರು ಹೊಲಿಗೆಗಳ ಗುರುತಿದೆ. ಆರನೆಯದು ಉಳಿದವುಗಳಿಗಿಂತ ತುಸು ಓರೆ. ಈಳಿಗೆ ತಾಗಿ ಒಳಗಿನ ನರ ಕಡಿದಿತ್ತು. ಹೊಲಿದ ಮೇಲೂ ಬೆರಳು ಮಡಚಲು ಬರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಅವಳದು. ಆ ಬೆರಳಿಲ್ಲದೆ ಅದು ಆಗುವುದಿಲ್ಲ. ದಿನಾಲೂ ಮಡಚಿ ಬಿಡಿಸಬೇಕೆಂದು ಡಾಕ್ಟರು ಹೇಳಿದ್ದನ್ನು ಅವಳು ಬಿಟ್ಟೇಬಿಟ್ಟಿದ್ದಳು.

“ಸತ್ತ ಬೆರಳಿಗೆ ಏನ್ ಕಸರತ್ತು?” ಎಂದು ಫೋನಿನಲ್ಲಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಪ್ರಯೋಗಾಲಯದಲ್ಲಿ ನಾನು ಮಾಡುವುದು ಚರ್ಮದಂತೆ ಹಿಗ್ಗುವ ತೆಳು ಪಟ್ಟಿಗಳನ್ನು. ವಿದ್ಯುತ್ ಹರಿಯುವ ಶಾಯಿಯಿಂದ ಅವುಗಳ ಮೇಲೆ ಗೆರೆ ಮುದ್ರಿಸುತ್ತೇವೆ. ಬೆರಳಿಗೆ ಅಂಟಿಸಿ ಫೋನಿಗೆ ಜೋಡಿಸಿದರೆ, ಕಣ್ಣಿಗೆ ಕಾಣದಷ್ಟು ಮಡಚಿದರೂ ಅಂಕಿ ಏರುತ್ತದೆ. ತುಂಡಾದರೆ ತುದಿಗೆ ತುದಿ ಒತ್ತಿ ಹಿಡಿದರೆ ಸಾಕು, ಗೆರೆಯ ಸಮೇತ ಕೂಡಿಕೊಳ್ಳುತ್ತದೆ. ಬೆರಳು ಸತ್ತಿಲ್ಲವೆಂದು ಅವಳಿಗೆ ತೋರಿಸಬೇಕಿತ್ತು. ಒಂದು ಪಟ್ಟಿ ತೆಗೆದುಕೊಂಡು, ರಾಣೆಬೆನ್ನೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಮನೆಗೆ ಬಂದೆ.

“ಇಷ್ಟ ವರ್ಷ ಓದಿ ಈ ಟೇಪ್ ಮಾಡೀಯೇನು?” ಎಂದಳು ಅವ್ವ.

“ತುಂಡಾದ್ರ ತಾನ ಕೂಡತೈತಿ ಬೇ. ಬಜಾರದಾಗಿನ ಟೇಪ್ ಕೂಡತೈತೇನು?”

“ಹಂಗಾರ ತುಂಡ ಮಾಡಿ ತೋರಸು.”

ನನಗೂ ಹಟ ಬಂತು. ಇದ್ದ ಒಂದೇ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ, ನೀನೇ ಒತ್ತಿ ಹಿಡಿ ಎಂದು ಅವಳ ಮುಂದಿಟ್ಟು ಚಹಾ ಮಾಡಲು ಎದ್ದೆ.

ಬಂದು ನೋಡಿದರೆ ತುಂಡುಗಳು ಒಂದರ ಮೇಲೊಂದು ಜಾರುತ್ತಿದ್ದವು. ಅವ್ವನ ಅಂಗೈ ಹೊಳೆಯುತ್ತಿತ್ತು. ಮೆಣಸಿನಕಾಯಿ ಮುಟ್ಟುವ ಮೊದಲು, ಉರಿಯದಿರಲೆಂದು, ನಮ್ಮಲ್ಲಿ ಹೆಂಗಸರು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ. ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು; ಆದರೂ ಕೈಗೊಂದು ಕೆಲಸ ಸಿಕ್ಕ ಕೂಡಲೇ ಅವಳು ಮೊದಲು ಎಣ್ಣೆ ಬಟ್ಟಲಿಗೆ ಬೆರಳದ್ದಿದ್ದಳು. ಎಣ್ಣೆ ತಾಗಿದ ಅಂಚುಗಳು ಕೂಡುವುದಿಲ್ಲ.

“ನಾ ಮುಟ್ಟಿ ಕೆಡಿಸಿಬಿಟ್ನೇನ, ನನ್ನವ್ವಾ?” ಎಂದಳು ಅವ್ವ.

“ಇಲ್ಲ ಬೇ. ನಾನ ಹೇಳಬೇಕಿತ್ತು.”

ಎರಡೂ ತುದಿಗಳಿಂದ ಜೋಳದ ಕಾಳಿನಷ್ಟು ಕತ್ತರಿಸಿ ತೆಗೆದೆ. ಹೊಸ ಅಂಚುಗಳನ್ನು ಒತ್ತಿ ಸೇರಿಸಿ, ಬೆಳಗಾಗುವುದರೊಳಗೆ ಗಟ್ಟಿಯಾಗಲೆಂದು ಡಬ್ಬಿಯಲ್ಲಿಟ್ಟೆ. ಊಟಕ್ಕೆ ಮುಂಚೆ ಅವ್ವ ಎರಡು ಸಲ ಮುಚ್ಚಳ ತೆಗೆದು ನೋಡಿದಳು. ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಬೆರಳನ್ನು ಕಡಲೆಹಿಟ್ಟಿನಿಂದ ತಿಕ್ಕಿ ತೊಳೆದೆ. ಹೊಲಿಗೆಯ ಜಾಗದಲ್ಲಿ ಮೆಲ್ಲಗೆ ಒರೆಸಿ, ಕೂಡಿಕೊಂಡಿದ್ದ ಪಟ್ಟಿ ಅಂಟಿಸಿದೆ. ಫೋನಿನಲ್ಲಿ ಸೊನ್ನೆಯಿತ್ತು. ಮಡಚು ಎಂದೆ. ಬೆರಳು ಕದಲಿದ್ದು ನನಗೆ ಕಾಣಲಿಲ್ಲ. ಅಂಕಿ ಎರಡಾಯಿತು. ಸೊನ್ನೆಗಿಳಿದು ಮತ್ತೆ ಎರಡಾಯಿತು.

“ಖರೇ, ಅದು ನನ್ನ ಬೆರಳೇನು?”

“ನಿಂದ.”

ಅವಳು ಮೂರನೆಯ ಸಲ ಮಡಚಿದಳು. ಫೋನನ್ನು ಅವಳ ಎಡಗೈಗೆ ಕೊಟ್ಟೆ. ಅವಳೊಬ್ಬಳೇ ನೋಡಿಕೊಳ್ಳಲೆಂದು ಹಿತ್ತಲಿಗೆ ಹೋಗಿ, ನಳದ ಕೆಳಗೆ ಕೊಡವಿಟ್ಟು, ಅದು ತುಂಬಿ ಹರಿಯುವವರೆಗೂ ಅಲ್ಲೇ ನಿಂತೆ.