ಏಳು ಗಂಟೆಗೆ ಹೋಗುತ್ತಿದ್ದ ನೆಟ್

ಹರಿಣಾಕ್ಷಿಯನ್ನು ನಾನು ಮೊದಲು ಕಂಡದ್ದು ಕುಂದಾಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ. ನಾನು ಅಲ್ಲಿ ಪ್ರೂಫ್ ನೋಡುತ್ತಿದ್ದೆ, ಅವಳು ಡಿಟಿಪಿ ಕೆಲಸಕ್ಕೆ ಸೇರಿದ್ದಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಪ್ರೆಸ್ಸಿನ ಕಂಪ್ಯೂಟರ್ ಕೆಟ್ಟರೆ ಉಡುಪಿಯಿಂದ ರಿಪೇರಿಯವನು ಬರಬೇಕಿತ್ತು. ಒಂದು ಮಳೆಗಾಲ ಅವನು ನಾಲ್ಕು ದಿನವಾದರೂ ಬರಲಿಲ್ಲ. ಐದನೇ ದಿನ ಹರಿಣಾಕ್ಷಿ ಯಾರನ್ನೂ ಕೇಳದೆ ಡಬ್ಬ ಬಿಚ್ಚಿ, ಒಳಗಿನಿಂದ ಒಂದು ಹಸಿರು ಪಟ್ಟಿ ಎಳೆದು, ಅದರ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ವಾಪಸ್ ಸಿಕ್ಕಿಸಿದಳು. ಕಂಪ್ಯೂಟರ್ ಎದ್ದು ಕೂತಿತು.

"ಎಂತ ಮಾಡ್ದೆ ಮರಾಯ್ತಿ?" ಎಂದೆ.

"ಉಪ್ಪಿನ್ ಗಾಳಿ ಅಲ್ದಾ ಅಣ್ಣ, ಕಿಲುಬ್ ಹಿಡ್ದಿತ್. ತಿಕ್ಕಿದೆ ಅಷ್ಟೇ" ಎಂದಳು.

ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಪ್ರೆಸ್ಸಿಗೆ ಉಡುಪಿಯವನು ಬರುವುದು ನಿಂತೇಹೋಯಿತು.

ಅವಳು ಮದುವೆಯಾಗಿ ಬೈಂದೂರಿನ ಪಕ್ಕದ ಯಡ್ತರೆಗೆ ಹೋದಳು. ಗಂಡ ಕುಷ್ಟ ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ದುಡಿಯುತ್ತಾನೆ. ಪ್ರೆಸ್ ಮುಚ್ಚಿದ ಮೇಲೆ ಅವಳು ಬೈಂದೂರಿನಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಹಾಕಿದಳು. ಹಗಲು ಅದು ಹೊಟ್ಟೆಪಾಡು. ಸಂಜೆ ಮನೆಗೆ ಬಂದ ಮೇಲೆ ಅವಳ ನಿಜವಾದ ಬದುಕು ಶುರುವಾಗುತ್ತಿತ್ತು. ಜನ ಬಿಸಾಡಿದ ಲ್ಯಾಪ್‌ಟಾಪ್‌ಗಳನ್ನು ತಂದು, ಎರಡು ಸತ್ತದ್ದರಿಂದ ಒಂದು ಬದುಕಿದ್ದನ್ನು ಮಾಡಿ, ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ, ಬೇಕಾದವರಿಗೆ ಕೊಡುತ್ತಿದ್ದಳು.

ಅವಳಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ಮದುವೆ ಕಾಗದ ಅರ್ಧ ಟೈಪ್ ಮಾಡಿರುವಾಗ "ಸ್ವಲ್ಪ ತಾಳಿ" ಎಂದು ತಾನೇ ಬಂದ್ ಆಗಿ ತಾನೇ ಶುರುವಾಗುವ ಆಪರೇಟಿಂಗ್ ಸಿಸ್ಟಮ್ ಯಜಮಾನನೇ ಹೊರತು ಆಳಲ್ಲ ಎನ್ನುತ್ತಿದ್ದಳು. ಸ್ಕ್ರೂ ಇಲ್ಲದೆ ಅಂಟು ಹಾಕಿ ಮುಚ್ಚಿದ ಲ್ಯಾಪ್‌ಟಾಪನ್ನು ಕರಾವಳಿಯವರು ಮುಟ್ಟಲೇಬಾರದು, ಇಲ್ಲಿನ ಗಾಳಿಗೆ ಎರಡು ವರ್ಷಕ್ಕೊಮ್ಮೆ ಬಿಚ್ಚಿ ಒರೆಸಲೇಬೇಕು ಎನ್ನುತ್ತಿದ್ದಳು. ಹಳ್ಳಿಯ ಇಂಟರ್ನೆಟ್ ಬಗ್ಗೆ ಮಾತು ಎತ್ತಿದರೆ ಬಸ್ಸು ತಪ್ಪುವುದು ಖಾತ್ರಿ. ಮೊದಲು ಟೆಲಿಫೋನ್ ತಂತಿ, ಅದನ್ನು ಹೆದ್ದಾರಿ ಅಗೆಯುವಾಗ ಕಡಿದದ್ದು, ಆಮೇಲೆ ಮಾಡಿನ ಮೇಲೆ ನಿಂತರೆ ಮಾತ್ರ ಸಿಗುವ ಮೊಬೈಲ್ ಸಿಗ್ನಲ್, ಈಗ ತೆಂಗಿನ ಮರದಿಂದ ಮರಕ್ಕೆ ಕಟ್ಟಿದ ಫೈಬರ್. "ಪೇಟೆಯವ್ರಿಗೆ ಕೊಟ್ಟದ್ರಲ್ಲಿ ಉಳ್ದದ್ದ್ ನಮ್ಗೆ" ಎನ್ನುವುದು ಅವಳ ತೀರ್ಮಾನ. ಇದೆಲ್ಲಕ್ಕಿಂತ ದೊಡ್ಡ ಮಾತು ಒಂದಿತ್ತು: ನಮ್ಮ ಮನೆಯೊಳಗಿರುವ ಯಂತ್ರವನ್ನು ಬಿಚ್ಚುವ ಹಕ್ಕು ನಮಗಿರಬೇಕು.

ಮುಂದಿನದನ್ನೆಲ್ಲ ಅವಳೇ ನನಗೆ ಹೇಳಿದ್ದು.

ಯಡ್ತರೆಯ ಆ ಕೇರಿಗೆ ಫೈಬರ್ ಕೊಟ್ಟದ್ದು ಬ್ರಹ್ಮಾವರದ ಗುಣಪಾಲ ಶೆಟ್ರು. ಹೋಟೆಲಿನ ದುಡ್ಡಿನಿಂದ ಕೇಬಲ್ ಟಿವಿ ಶುರುಮಾಡಿ, ಈಗ ಬ್ರಹ್ಮಾವರದಿಂದ ಬೈಂದೂರಿನವರೆಗೆ ನೆಟ್ ಕೊಡುತ್ತಾರೆ. ಈ ಭಾಗದ ಲೈನ್‌ಮನ್ ದೇವು. ಐವತ್ತರ ಹತ್ತಿರದ ಮನುಷ್ಯ, ಕೇಬಲ್ ಕಾಲದಿಂದಲೂ ಬೈಕಿಗೆ ಏಣಿ ಕಟ್ಟಿಕೊಂಡು ಓಡಾಡಿದವನು. ಫೈಬರ್ ಬಂದ ಮೇಲೆ ಬೆಳಕು ಅಳೆಯುವ ಮೀಟರನ್ನೂ ಕಲಿತಿದ್ದ.

ಫೈಬರಿನ ತುದಿಗೆ ಮನೆಯೊಳಗೆ ಹಾಕಲು ಕಂಪೆನಿ ಕೊಟ್ಟ ಮೋಡೆಮ್ ಬಾಕ್ಸ್ ಹರಿಣಾಕ್ಷಿಗೆ ಸೇರಲಿಲ್ಲ. ಅದರ ಒಳಗೆ ಹೋಗಲು ಪಾಸ್‌ವರ್ಡ್ ಕೊಡುತ್ತಿರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಅವಳು ಆನ್‌ಲೈನಿನಲ್ಲಿ ಬೇರೆ ಕಂಪೆನಿಯ ಒಂದು ಹಳೇ ಬಾಕ್ಸ್ ತರಿಸಿ, ಅದಕ್ಕೆ ತನಗೆ ಬೇಕಾದ ಸಾಫ್ಟ್‌ವೇರ್ ತುಂಬಿ, ಆಫೀಸಿನವರು ಗುರುತು ಹಿಡಿಯುವ ಮೂಲ ಬಾಕ್ಸಿನ ನಂಬರನ್ನೇ ಅದರೊಳಗೂ ಹಾಕಿ ಗೋಡೆಗೆ ಹಾಕಿದಳು. ಬ್ರಹ್ಮಾವರದ ಆಫೀಸಿಗೆ ಗೊತ್ತೇ ಆಗಲಿಲ್ಲ. ಮೂರು ಸಂಜೆ ಕೂತು ಮಾಡಿದ ಕೆಲಸ. ಅಂದು ತನ್ನಷ್ಟು ಬುದ್ಧಿವಂತೆ ಈ ತಾಲೂಕಿನಲ್ಲಿ ಇಲ್ಲ ಅನ್ನಿಸಿತ್ತು ಎಂದಳು.

ಜೂನ್ ಬಂತು. ಸಂಜೆ ಏಳು ಗಂಟೆಯಾದರೆ ಕೇರಿಗೆ ಕೇರಿಯೇ ನೆಟ್ ಹೋಗತೊಡಗಿತು, ಮೂವತ್ತು ಚಿಲ್ಲರೆ ಮನೆಗೆ ಒಟ್ಟಿಗೆ. ಬಂದರೆ ಎರಡು ನಿಮಿಷ, ಮತ್ತೆ ಇಲ್ಲ. ಹರಿಣಾಕ್ಷಿಯ ಮನೆಯಲ್ಲೂ ಹಾಗೆಯೇ. ದೇವು ಬೆಳಿಗ್ಗೆ ಬಂದು ಕಂಬ ಹತ್ತಿ ಮೀಟರ್ ಹಿಡಿದರೆ ಎಲ್ಲ ಸರಿ. ಸಂಜೆ ಮತ್ತೆ ಅದೇ ಕಥೆ. ಅವನು ಜಾಯಿಂಟುಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಹಾಕಿದ. ತೆಂಗಿನ ಮಡಲು ತಾಗುವ ಕಡೆ ಕೇಬಲ್ ಬದಲಿಸಿದ. ಗಾಳಿ ಮಳೆಯಲ್ಲಿ ಮೂರು ವಾರ ಅದೇ ಕಂಬಗಳನ್ನು ಹತ್ತಿ ಇಳಿದ.

ಕೇರಿಗೊಂದು ವಾಟ್ಸಾಪ್ ಗ್ರೂಪ್ ಇತ್ತು. ಅದನ್ನು ಮಾಡಿದವಳೇ ಹರಿಣಾಕ್ಷಿ. ನೆಟ್ ವಿಷಯದಲ್ಲಿ ಅವಳು ಬರೆದದ್ದೇ ಅಲ್ಲಿ ಕೊನೆಯ ಮಾತು. ಒಂದು ದಿನ ಸಿಟ್ಟಿನಲ್ಲಿ ಬರೆದಳು: "ದೇವುಗೆ ಏಣಿ ಹತ್ತಲು ಗೊತ್ತು. ಹತ್ತಿದ ಮೇಲೆ ಏನು ಮಾಡಬೇಕು ಎಂದು ಗೊತ್ತಿಲ್ಲ."

ಜನ ನಕ್ಕರು. ಯಾರೋ ಏಣಿಯ ಮೇಲೆ ನಿಂತ ದೇವುವಿನ ಫೋಟೊಗೆ ಆ ಮಾತು ಸೇರಿಸಿ ಸ್ಟಿಕ್ಕರ್ ಮಾಡಿದರು. ನೆಟ್ ಹೋದಾಗಲೆಲ್ಲ ಮೊಬೈಲ್ ಡೇಟಾದಲ್ಲಿ ಆ ಸ್ಟಿಕ್ಕರ್ ಓಡಾಡಿತು. ದೇವುವಿನ ಮನೆಯೂ ಅದೇ ಕೇರಿಯಲ್ಲಿ, ಅವನ ಹೆಂಡತಿ ಕುಸುಮ ಅದೇ ಗ್ರೂಪಿನಲ್ಲಿದ್ದಳು.

ಒಂದು ಸಂಜೆ ಏಳೂವರೆಗೆ ದೇವು ರೈನ್‌ಕೋಟು ಹಾಕಿಕೊಂಡು ಹರಿಣಾಕ್ಷಿಯ ಮನೆಯ ಬಾಗಿಲಿಗೆ ಬಂದ. ಅಂದು ಒಂದೊಂದೇ ಮನೆಗೆ ಹೋಗಿ ಬಾಕ್ಸ್ ಪರೀಕ್ಷಿಸುತ್ತಿದ್ದ.

"ಅಕ್ಕ, ನಿಮ್ ಬಾಕ್ಸ್ ಒಂಚೂರ್ ಕಾಣ್ಲಾ? ಐದ್ ನಿಮಿಷ ಬಂದ್ ಮಾಡಿ ಕಂಡ್ರ್ ಸಾಕ್."

ಅವಳು ಬಾಗಿಲು ಬಿಟ್ಟು ಸರಿಯಲಿಲ್ಲ. "ನನ್ ಬಾಕ್ಸಲ್ಲಿ ಎಂತ ಕಾಂಬುಕಿತ್ ದೇವಣ್ಣ? ನಾನ್ ದಿನಾ ಕಾಂತೆ ಅಲ್ದಾ. ಅದ್ ಸಮ ಇತ್. ನೀವ್ ನಿಮ್ ಕಂಬ ಕಾಣಿ."

"ನೀವ್ ಹೇಳ್ರೆ ಆಯ್ತ್" ಎಂದು ದೇವು ಮುಂದಿನ ಮನೆಗೆ ಹೋದ.

ಆ ವಾರವೇ ಹರಿಣಾಕ್ಷಿ ಗುಣಪಾಲ ಶೆಟ್ರಿಗೆ ದೂರು ಬರೆದಳು. ಒಳ್ಳೆಯ ಭಾಷೆ, ತಾರೀಕು, ಗಂಟೆ ಎಲ್ಲ ಸ್ಪಷ್ಟ. ಇಪ್ಪತ್ತೆಂಟು ಮನೆಯವರು ಸಹಿ ಹಾಕಿದರು. ಶೆಟ್ರು ದೇವುವನ್ನು ಬೈಂದೂರು ಲೈನಿನಿಂದ ತೆಗೆದು ಬಾರ್ಕೂರು ಕಡೆ ಕೇಬಲ್ ಎಳೆಯುವ ಗುಂಪಿಗೆ ಹಾಕಿದರು. ಬೆಳಿಗ್ಗೆ ಆರರ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಮನೆ. ಇಲ್ಲಿಗೆ ಹೊಸ ಹುಡುಗನೊಬ್ಬ ಬಂದ. ಅವನಿಗೂ ಏನೂ ಸಿಗಲಿಲ್ಲ.

ಜುಲೈಯಲ್ಲಿ ತಾಯಿಗೆ ಹುಷಾರಿಲ್ಲವೆಂದು ಹರಿಣಾಕ್ಷಿ ಕೋಟೇಶ್ವರದ ತವರಿಗೆ ಹೋಗಿ ಐದು ದಿನ ಉಳಿದಳು. ಕುಷ್ಟನೂ ಜೊತೆಗಿದ್ದ, ಮಳೆಗಾಲದಲ್ಲಿ ಬೋಟಿಗೆ ರಜೆ. ವಾಪಸ್ ಬಂದ ದಿನ ಪಕ್ಕದ ಮನೆಯ ಗುಲಾಬಿ ಬೇಲಿಯಾಚೆಯಿಂದ ಕರೆದಳು.

"ಹ್ವಾಯ್, ಬಂದ್ರ್ಯಾ? ನೀವಿಲ್ದಿಪ್ಪತಿಗೆ ನೆಟ್ ಎಷ್ಟ್ ಲಾಯ್ಕ್ ಇದ್ದಿತ್ ಗೊತ್ತಾ? ಐದ್ ದಿನ ಒಂದ್ ಸಲವೂ ಹೋಯ್ಲಿಲ್ಲ. ಹೊಸ ಹುಡ್ಗ ಅಡ್ಡಿಲ್ಲ."

ಹರಿಣಾಕ್ಷಿ ನಕ್ಕು ಒಳಗೆ ಬಂದಳು. ಚೀಲ ಇಟ್ಟಳು. ಆಮೇಲೆ ಅಲ್ಲೇ ನಿಂತಳು. ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ಅವಳು ಅಂಗಡಿಗೆ ಹೋಗಲಿ, ತವರಿಗೆ ಹೋಗಲಿ, ಬಾಕ್ಸಿನ ಸ್ವಿಚ್ ತೆಗೆದೇ ಹೋಗುತ್ತಿದ್ದಳು; ಕುಷ್ಟ ಅದನ್ನು ಮುಟ್ಟುತ್ತಿರಲಿಲ್ಲ. ಮನೆಗೆ ಬಂದು ಸ್ವಿಚ್ ಹಾಕುವುದು ಸಂಜೆ ಏಳಕ್ಕೆ.

ಸ್ವಿಚ್ ಹಾಕಿದಳು. ಹತ್ತು ನಿಮಿಷದಲ್ಲಿ ಗುಲಾಬಿಯ ಮನೆಯಿಂದ "ಅಯ್ಯೋ, ಹೋಯ್ತಲೆ" ಎಂಬ ದನಿ ಕೇಳಿತು. ತೆಗೆದಳು. ಆಚೆ ಮನೆಯ ಧಾರಾವಾಹಿ ಮತ್ತೆ ಶುರುವಾಯಿತು. ಇನ್ನೊಮ್ಮೆ ಹಾಕಿದಳು, ಇನ್ನೊಮ್ಮೆ ತೆಗೆದಳು.

ಆ ಲೈನಿನ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಂಬದ ಡಬ್ಬದಿಂದ ಒಂದೇ ಎಳೆ ಬೆಳಕು ಮೂವತ್ತು ಮನೆಗೆ ಹಂಚಿಹೋಗುತ್ತದೆ. ವಾಪಸ್ ಕಳಿಸುವಾಗ ಪ್ರತಿ ಮನೆಯ ಬಾಕ್ಸ್ ತನ್ನ ಸರದಿ ಬಂದಾಗ ಮಾತ್ರ ಬೆಳಕು ಬಿಡಬೇಕು. ಅವಳು ತಂದ ಹಳೇ ಬಾಕ್ಸ್ ಬಿಸಿಯಾದ ಮೇಲೆ ಸರದಿ ಮರೆತು ಒಂದೇ ಸಮನೆ ಬೆಳಕು ಬಿಡುತ್ತಿತ್ತು. ಉಳಿದ ಯಾರ ಮಾತೂ ಬ್ರಹ್ಮಾವರಕ್ಕೆ ಮುಟ್ಟುತ್ತಿರಲಿಲ್ಲ.

ಅವಳು ಆ ಬಾಕ್ಸ್ ಕಿತ್ತು ಕಂಪೆನಿಯದ್ದನ್ನೇ ಹಾಕಿದಳು. ಕುಷ್ಟನಿಗೆ ವಿಷಯ ಹೇಳಿದಳು. ಅವನು, "ಈಗ ಸಮ ಆಯ್ತಲೆ. ಯಾರಿಗ್ ಗೊತ್ತಾತ್? ಸುಮ್ನಿರ್" ಎಂದ.

ಅವಳು ಸುಮ್ಮನಿದ್ದಳು. ಅಷ್ಟೇ ಆಗಿದ್ದರೂ ಹೇಗೋ ಇರಬಹುದಿತ್ತು. ವಾರ ಕಳೆದರೂ ನೆಟ್ ಹೋಗದಿದ್ದಾಗ ಗ್ರೂಪಿನಲ್ಲಿ ಒಬ್ಬರು ಬರೆದರು: "ಹರಿಣಾಕ್ಷಕ್ಕ ಪತ್ರ ಬರೆದದ್ದಕ್ಕೆ ಲೈನ್ ಸರಿಯಾಯಿತು. ಧನ್ಯವಾದಗಳು." ಹೂವು, ಚಪ್ಪಾಳೆ ಎಲ್ಲ ಬಂದವು. ಅವಳು ಬಹಳ ಹೊತ್ತು ಮೊಬೈಲ್ ಹಿಡಿದು ಕೂತು, ಕೊನೆಗೆ ಕೈಮುಗಿದ ಚಿತ್ರವೊಂದನ್ನು ಹಾಕಿದಳು. ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. "ಬಾಕ್ಸ್ ಹಾಕಿದ್ದ್ ಗೊತ್ತಿಲ್ದೆ ಮಾಡಿದ್ ತಪ್ಪ್ ಅಣ್ಣ. ಕೈ ಮುಗ್ದದ್ದ್ ಗೊತ್ತಿದ್ದೇ ಮಾಡಿದ್" ಎಂದಳು.

ಹನ್ನೆರಡನೇ ದಿನ ಅಂಗಡಿಗೆ ಕುಸುಮ ಬಂದಳು. ಗೇರುಬೀಜದ ಫ್ಯಾಕ್ಟರಿಯಿಂದ ಹಾಗೆಯೇ ಬಂದಿದ್ದಳು, ಬೀಜದ ಎಣ್ಣೆಗೆ ಬೆರಳುಗಳೆಲ್ಲ ಕಪ್ಪು. ಕುರ್ಚಿ ತೋರಿಸಿದರೂ ಮೊದಲು ಕೂರಲಿಲ್ಲ.

"ಅಕ್ಕ, ಒಂದ್ ಕಾಗ್ದ ಟೈಪ್ ಮಾಡಿ ಕೊಡ್ಕಿತ್. ಶೆಟ್ರಿಗೆ. ಇವ್ರಿಗ್ ದಿನಾ ಅಷ್ಟ್ ದೂರ ಹೋಯ್ ಬಪ್ಪುಕಾತಿಲ್ಲೆ, ಬೆನ್ನ್ ನೋವ್. ಚಂದ ಮಾಡಿ ಬರೂದ್ ನೀವೇ ಅಲ್ದಾ, ಹಾಂಗಾಗಿ ಬಂದೆ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಹರಿಣಾಕ್ಷಿ ಹುಡುಕಿದಳಂತೆ, ಇರಲಿಲ್ಲ.

"ಎಂತ ಬರೂದ್?"

ಕುಸುಮ ಮಡಚಿದ ಒಂದು ಹಾಳೆ ಕೊಟ್ಟಳು. ದೇವುವಿನ ಕೈಬರಹ. "ಯಡ್ತರೆ ಲೈನಿನಲ್ಲಿ ನನ್ನಿಂದ ತಪ್ಪಾಗಿದೆ. ನನ್ನ ಕೆಲಸದಲ್ಲಿ ಕೊರತೆ ಇತ್ತು. ಇನ್ನು ಮುಂದೆ ಹಾಗೆ ಆಗದಂತೆ ನೋಡಿಕೊಳ್ಳುತ್ತೇನೆ. ದಯವಿಟ್ಟು ಕ್ಷಮಿಸಿ."

ಹರಿಣಾಕ್ಷಿ ತಾರೀಕು ಹೊಡೆದಳು. "ಮಾನ್ಯರೇ" ಎಂದು ಹೊಡೆದಳು. ಆಮೇಲೆ ಕೀಬೋರ್ಡನ್ನು ಆಚೆ ಸರಿಸಿದಳು.

"ಕುಸುಮಾ, ಇದ್ ಬರೂಕಾತಿಲ್ಲೆ."

"ಎಂತಕ್ಕೆ? ತಪ್ಪ್ ಇತ್ತಾ?"

"ದೇವಣ್ಣನ್ ತಪ್ಪಲ್ಲ ಅದ್. ನಂದ್. ನನ್ ಮನಿ ಬಾಕ್ಸಿಂದ ಎಲ್ಲರ್ ನೆಟ್ ಹೋತಿದ್ದದ್ದ್. ನಂಗ್ ಗೊತ್ತಾಯಿ ಹನ್ನೆರ್ಡ್ ದಿನ ಆಯ್ತ್."

ಕುಸುಮ ಆಗ ಕೂತಳು. ಬೈಯುತ್ತಾಳೆ ಎಂದು ಹರಿಣಾಕ್ಷಿ ಕಾದಳು. ಅವಳು ಬೈಯಲಿಲ್ಲ. ಒಂದೇ ಮಾತು ಕೇಳಿದಳು, "ಆ ಏಣಿ ಫೋಟೊ ನಮ್ ಮಗ್ಳ್ ಕಾಲೇಜ್ ಮಕ್ಳ್ ಹತ್ರವೂ ಇತ್. ಅದನ್ನ್ ಈಗ ಎಂತ ಮಾಡೂದ್?"

ಕುಸುಮ ಗಂಡನ ಹಾಳೆಯನ್ನು ವಾಪಸ್ ತೆಗೆದುಕೊಂಡು ಹೋದಳು.

ಅಂದೇ ಸಂಜೆ ಹರಿಣಾಕ್ಷಿ ಗ್ರೂಪಿನಲ್ಲಿ ಎಲ್ಲವನ್ನೂ ಬರೆದಳು. ನಡೆದದ್ದು ನಡೆದ ಹಾಗೆ, ಬಾಗಿಲಿನಿಂದ ದೇವುವನ್ನು ಕಳಿಸಿದ್ದೂ ಸೇರಿ. ಆಮೇಲೆ ಒಬ್ಬರು "ಹೋಗಲಿ ಬಿಡಿ ಅಕ್ಕ" ಎಂದರು. ಇನ್ನೊಬ್ಬರು ನಗುವ ಮುಖ ಹಾಕಿದರು. ಗುಲಾಬಿ ಎರಡು ದಿನ ಬೇಲಿಯ ಕಡೆ ಬರಲಿಲ್ಲ.

ಮರುದಿನ ಅಂಗಡಿ ಮುಚ್ಚಿ ಬ್ರಹ್ಮಾವರಕ್ಕೆ ಹೋದಳು. ಗುಣಪಾಲ ಶೆಟ್ರ ಮೇಜಿನ ಮೇಲೆ ಆ ಹಳೇ ಬಾಕ್ಸ್ ಇಟ್ಟು ವಿಷಯ ಹೇಳಿದಳು. ಶೆಟ್ರು ಬಾಕ್ಸನ್ನು ತಿರುಗಿಸಿ ನೋಡಿದರು.

"ಇದನ್ ಹಾಕ್ದವ್ರೂ ನೀವೇ, ಕಂಪ್ಲೇಂಟ್ ಬರ್ದವ್ರೂ ನೀವೇಯಾ?"

"ಹೌದ್."

"ನೀವ್ ಓದ್ದವ್ರ್ ಅಂತ ನಿಮ್ ಕಾಗ್ದ ನಂಬಿದೆ ಮರಾಯ್ರೆ. ದೇವು ಇಪ್ಪತ್ ವರ್ಷದಿಂದ ನನ್ನತ್ರ ಇದ್ದವ. ಅವ್ನತ್ರ ಒಂದ್ ಮಾತ್ ಸಮ ಕೇಂಡಿಲ್ಲೆ ನಾನ್." ಅವರ ಮುಖವೂ ಇಳಿದಿತ್ತು. ಆದರೆ ಬೈಂದೂರಿಗೆ ಬೇರೆಯವನನ್ನು ಹಾಕಿಯಾಗಿತ್ತು, ಬಾರ್ಕೂರಿನ ಕೆಲಸ ಅರ್ಧದಲ್ಲಿತ್ತು. ಅದು ಮುಗಿಯದೆ ದೇವುವನ್ನು ಕಳಿಸಲಾಗುವುದಿಲ್ಲ ಎಂದರು.

ಭಾನುವಾರ ಅವಳು ದೇವುವಿನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತಿದ್ದ. ಅವಳು ಕ್ಷಮೆ ಕೇಳಿದಳು. ಅವನು, "ಆ ಬಾಕ್ಸ್ ಎಂತಕ್ಕ್ ಹಾಂಗ್ ಮಾಡ್ತಿತ್?" ಎಂದು ಕೇಳಿದ. ಅವಳು ನಿಂತುಕೊಂಡೇ ವಿವರಿಸಿದಳು. ಅವನು ಗಮನವಿಟ್ಟು ಕೇಳಿದ, ಮಧ್ಯೆ ಎರಡು ಪ್ರಶ್ನೆ ಹಾಕಿದ. ಎರಡೂ ಸರಿಯಾದ ಪ್ರಶ್ನೆಗಳು.

"ಯಾರದ್ದೋ ಮನಿ ಬಾಕ್ಸ್ ಆಯ್ಕ್ ಅಂತ ನಂಗೂ ಕಂಡಿತ್" ಎಂದ. "ಅದಕ್ಕೇ ಮನಿ ಮನಿ ತಿರ್ಗಿದೆ. ನೀವ್ ಸಮ ಇತ್ ಅಂದ್ರಿ. ನೀವ್ ಹೇಳ್ರೆ ಮತ್ತೆಂತ ಕಾಂಬುದ್ ಅಂತ ನಿಮ್ದೊಂದ್ ಬಿಟ್ಟೆ." ಮುಂದುವರಿಸಿದ, "ಮತ್ತೆ ನಂಗ್ ನನ್ ಕಣ್ಣಿನ್ ಮೇಲೇ ಸಂಶಯ ಬಂತ್. ಮೀಟರ್ ನಂಬ್ರ ಸಮ ಕಾಂತಿಲ್ಯಾ ಅಂತ ಕುಂದಾಪ್ರಕ್ಕ್ ಹೋಯಿ ಕಣ್ಣ್ ತೋರ್ಸ್ಕಂಡ್ ಬಂದೆ. ಕಣ್ಣ್ ಸಮ ಇತ್ತಂಬ್ರ್ ಡಾಕ್ಟ್ರ್."

ಕುಸುಮ ಚಾ ತಂದಿಟ್ಟಳು. ಹರಿಣಾಕ್ಷಿ ಕುಡಿದು ಬಂದಳು.

ದೀಪಾವಳಿಯ ನಂತರ ದೇವು ಬೈಂದೂರು ಲೈನಿಗೆ ವಾಪಸಾದ. ಗ್ರೂಪನ್ನು ಹರಿಣಾಕ್ಷಿ ಬೇರೆಯವರಿಗೆ ಒಪ್ಪಿಸಿದ್ದಾಳೆ. ಲ್ಯಾಪ್‌ಟಾಪ್ ರಿಪೇರಿ ಬಿಟ್ಟಿಲ್ಲ, ಬಿಡುವುದು ಅವಳಿಂದಾಗದು. ಆದರೆ ಯಾರಾದರೂ ಯಂತ್ರ ತಂದರೆ, ಇದು ಸರಿಯಾಗುತ್ತದೋ ಹಾಳಾಗುತ್ತದೋ ತನಗೆ ಗೊತ್ತಿಲ್ಲ ಎಂದು ಮೊದಲೇ ಹೇಳುತ್ತಾಳಂತೆ. ದಾರಿಯಲ್ಲಿ ಸಿಕ್ಕಿದರೆ ದೇವು ಮಾತಾಡುತ್ತಾನೆ, ಮೊದಲಿನ ಹಾಗೆಯೇ "ಅಕ್ಕ" ಎನ್ನುತ್ತಾನೆ. ಅದು ಬೈಗುಳಕ್ಕಿಂತ ಕಷ್ಟ ಎಂದಳು.

ಇದೆಲ್ಲ ಅವಳು ಹೇಳಿದ್ದು ಕುಂದಾಪುರದ ಬಸ್ ನಿಲ್ದಾಣದಲ್ಲಿ. ಸಮಾಧಾನಕ್ಕೆಂದು ನಾನು, "ಅಂತೂ ನೀನೇ ಹೇಳ್ದೆ ಅಲ್ದಾ. ಎಷ್ಟ್ ಜನ ಹೇಳ್ತ್ರ್?" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ಕುಸುಮ ಆ ಕಾಗ್ದ ಹಿಡ್ಕಂಡ್ ಎದ್ರಿಗ್ ಬಂದ್ಳ್, ಹಾಂಗಾಗಿ ಹೇಳ್ದೆ ಅಣ್ಣ. ಅವ್ಳ್ ಬೇರೆ ಅಂಗ್ಡಿಗ್ ಹೋಗಿದ್ರೆ ಹೇಳ್ತಿದ್ನಾ ಇಲ್ಯಾ, ನಂಗೊತ್ತಿಲ್ಲೆ."

ಬೈಂದೂರಿನ ಬಸ್ಸು ಬಂತು. ಅವಳು ಹತ್ತಿದಳು.