ಮೂರು ಬಿದಿರಿನೆತ್ತರದ ಸೂರ್ಯ

ಮೆಲ್ಬರ್ನ್‌ನ ಹೊರವಲಯದ ಕ್ಲೈಡ್ ನಾರ್ತ್‌ನ ನಮ್ಮ ಬೀದಿಯಲ್ಲಿ ಯಾರೋ ಶುಂಠಿ ಹಾಕಿ ಗಂಜಿ ಕಾಯಿಸುತ್ತಾರೆ. ಆ ವಾಸನೆ ಬಂದ ಬೆಳಿಗ್ಗೆ ನಾನು ಇಲ್ಲಿ ಇರುವುದಿಲ್ಲ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಬಾಡಿಗೆ ಮನೆಗೆ, ನನ್ನ ಒಂಬತ್ತನೆಯ ವಯಸ್ಸಿಗೆ ಹೋಗಿಬಿಟ್ಟಿರುತ್ತೇನೆ. ಅಂಥ ಗಂಜಿ ಪಕ್ಕದ ಮನೆಯ ಚೀನೀ ಹೆಂಗಸು ಲಿನ್ ಅಜ್ಜಿಯದು. ಧಾರವಾಡದಿಂದ ಬಂದ ಹೊಸತರಲ್ಲಿ ಅವ್ವನಿಗೆ ಸಿಕ್ಕಿದ್ದು ವೃದ್ಧಾಶ್ರಮವೊಂದರ ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಬಂದು ಅವಳು ಮಲಗಿದರೆ, ರಜೆಯ ದಿನಗಳಲ್ಲಿ ನಾನು ಅಜ್ಜಿಯ ಹಿತ್ತಲಿನಲ್ಲಿರುತ್ತಿದ್ದೆ. ಅಜ್ಜಿ ಬಿದಿರು ಕೋಲುಗಳ ಮೇಲೆ ಬಟ್ಟೆ ಒಣಹಾಕುತ್ತಾ, ಇನ್ನೂ ಏಳದ ಮೊಮ್ಮಗಳನ್ನು ಕಿಟಕಿಯಿಂದಲೇ ಗದರುತ್ತಿದ್ದಳು: ‘ರಿ ಷಾಂಗ್ ಸಾನ್ ಗಾನ್.’ ಸೂರ್ಯ ನೆಲದಿಂದ ಮೂರು ಬಿದಿರುಗಳಷ್ಟು ಮೇಲೇರಿದ್ದಾನೆ ಎಂದು ಅದರ ಅರ್ಥವಂತೆ. ಹೊತ್ತೇರಿದರೂ ಹಾಸಿಗೆ ಬಿಡದ ಸೋಮಾರಿಗಳಿಗೆ ಹೇಳುವ ಮಾತಂತೆ. ಹರಕುಮುರುಕು ಇಂಗ್ಲಿಷಿನಲ್ಲಿ ಅವಳೇ ತಿಳಿಸಿದ್ದಳು.

ಈಜುಕೊಳಕ್ಕೆ ಕರೆದೊಯ್ಯುತ್ತೇನೆಂದು ಅವ್ವ ಮಾತು ಕೊಟ್ಟಿದ್ದಳು. ರಜೆ ಮುಗಿಯುತ್ತ ಬಂದರೂ ಅವಳದು ನಿದ್ದೆಯೇ. ನನಗೆ ರೇಗಿಹೋಯಿತು. ಒಂದು ದಿನ ಹೊದಿಕೆ ಎಳೆದು, ಕಲಿತ ವಿದ್ಯೆಯನ್ನೆಲ್ಲ ಅವಳ ಮೇಲೆಯೇ ಪ್ರಯೋಗಿಸಿದೆ: “ಸೂರ್ಯ ಮೂರು ಬಿದಿರು ಏರ್ಯಾನ, ಇನ್ನೂ ಮಲಗೀಯೇನವಾ? ಸೋಮಾರಿಗಳಿಗೆ ಹಿಂಗ ಅಂತಾರಂತ.”

ಅವ್ವ ಬೈಯಲಿಲ್ಲ. ಎದ್ದು ಕೂತು, ಕೆಂಪು ಕಣ್ಣು ಉಜ್ಜಿಕೊಂಡು, ಭಾಳ ಹೊತ್ತಾತೇನು ಎಂದಷ್ಟೇ ಕೇಳಿದಳು. ಅಂದೇ ನನ್ನನ್ನು ಕರೆದೊಯ್ದು, ಕೊಳದ ಬಳಿಯ ಬೆಂಚಿನಲ್ಲಿ ತೂಕಡಿಕೆ ಬರದಂತೆ ತನ್ನ ತೋಳನ್ನು ತಾನೇ ಚಿವುಟಿಕೊಳ್ಳುತ್ತ ಕೂತಿದ್ದಳು. ನಾನು ನೀರಿನಲ್ಲಿ ಖುಷಿಯಾಗಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಂಜೆ, ಅವ್ವನಿಗೆ ಅಂದದ್ದನ್ನು ಅಜ್ಜಿಯ ಮುಂದೆ ಹೆಮ್ಮೆಯಿಂದ ಒಪ್ಪಿಸಿದೆ. ಮಡಚುತ್ತಿದ್ದ ಅಂಗಿಯನ್ನು ಅವಳು ಕೆಳಗಿಟ್ಟಳು. ಅದು ರಾತ್ರಿಯೆಲ್ಲ ಮಲಗಿದವರಿಗೆ ಹೇಳುವ ಮಾತು, ನಿನ್ನ ತಾಯಿ ಮಲಗಿಯೇ ಇಲ್ಲ, ಹೋಗಿ ಹಾಗೆಂದು ಹೇಳಿ ಬಾ ಎಂದಳು. ನಾನು ಮನೆಗೇನೋ ಹೋದೆ, ಆದರೆ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಂದಿನಿಂದ ಅವ್ವ ನನ್ನ ಕಣ್ಣೆದುರು ಹಗಲು ಮಲಗಲೇ ಇಲ್ಲ. ರಾತ್ರಿ ಪಾಳಿ ಮಾತ್ರ ಎಂಟು ವರ್ಷ ಹಾಗೇ ನಡೆಯಿತು.

ಆಮೇಲೆ ಮೆಲ್ಬರ್ನ್‌ಗೆ ಬಂದೆವು, ಅವಳು ಕಾಯಿಲೆ ಬಿದ್ದಳು. ಡಾಕ್ಟರು ನಿದ್ದೆಯೇ ಔಷಧ ಎಂದಿದ್ದರು. ನಾನು ಕಾಲೇಜಿನಿಂದ ಬಂದು ಬಾಗಿಲು ತೆರೆದರೆ ಸಾಕು, ಅವ್ವ ಗೋಡೆ ಹಿಡಿದು ಎದ್ದು ಕೂರುತ್ತಿದ್ದಳು. ಬೆವರಿದ ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡು, ಕೊನೆಯ ವಾರದವರೆಗೂ ಅದೇ ಮಾತು:

“ನಾ ಮಲಗಿದ್ದಿಲ್ಲವ್ವಾ, ಸುಮ್ನ ಅಡ್ಡಾಗಿದ್ದೆ.”